ಒದ್ದೆ ಇಪ್ಪತ್ತೊಂಬತ್ತು

ಇಪ್ಪತ್ತೆರಡು ವರ್ಷ ಈ ಕುವೈತನ್ನು ತಂಪು ಮಾಡಿದೆ.
ಸಾಲ್ಮಿಯಾದ ತಾರಸಿಗಳಲ್ಲಿ ಕಾದ ತಗಡಿನ ಮೇಲೆ ಕೂತು
ಗ್ಯಾಸ್ ತುಂಬಿದೆ, ಫಿಲ್ಟರಿನ ಮರಳು ಕೊಡವಿದೆ.
ಶಿರ್ವದ ವಲೇರಿಯನ್ ಬಂದು ಹೋದನೆಂದರೆ
ಆ ಮನೆ ಹದಿನೆಂಟು ಡಿಗ್ರಿ ಎಂದೇ ಲೆಕ್ಕ.

ಜುಲೈಯಲ್ಲಿ ಒಂದು ಕಾಫಿ ಅಂಗಡಿಯಿಂದ ಫೋನು:
ಏಸಿ ಸೋರ್ತಾ ಇದೆ, ಬೇಗ ಬಾ.
ಏಣಿ ಹತ್ತಿದೆ. ದೀಪದ ಗೊಂಚಲಿಗೆ
ಯಾರೋ ನೇತುಹಾಕಿದ ಹಳೇ ಕಂಬಳಿ.
ಕಂಬಳಿ ತಲೆ ತಿರುಗಿಸಿತು.
ತಿರುಗಿಸಿ ಮುಗಿಸುವುದರೊಳಗೆ
ನಾನು ನಾಲ್ಕು ಸ್ಕ್ರೂ ಬಿಚ್ಚಿಯಾಗಿತ್ತು.

ಸ್ಲಾತ್, ಅಂದ ಮಾಲೀಕ. ಫೋಟೋಗೆ ಎರಡು ದೀನಾರ್.
ನೋಡು, ಹೇಗೆ ಯಾವಾಗಲೂ ನಗುತ್ತದೆ!
ಅದು ನನ್ನ ತೋಳು ಹಿಡಿಯಿತು.
ಎರಡೇ ಉಗುರು.
ಐಸ್ ಪೆಟ್ಟಿಗೆಯಿಂದ ಎತ್ತಿದ ಬಂಗುಡೆಯಷ್ಟು ತಣ್ಣಗೆ.

ಯಾರಿಗೆ ಹೇಳಬೇಕೋ ಹೇಳಿದೆ. ಕಾಗದಗಳು ಓಡಾಡಿದವು,
ಅದರಷ್ಟೇ ವೇಗದಲ್ಲಿ.
ಆಗಸ್ಟಿನಲ್ಲಿ ವಫ್ರಾದ ತೋಟದಿಂದ ಡಾಕ್ಟರ್ ಹೆಸ್ಸಾ ಕರೆದರು:
ನಮಗೊಂದು ಕೋಣೆ ಬಿಸಿ ಮಾಡಿಕೊಡ್ತೀಯಾ?

ನಕ್ಕುಬಿಟ್ಟೆ. ಹೊರಗೆ ಐವತ್ತು ಉಂಟು ಡಾಕ್ಟ್ರೇ,
ಬಾಗಿಲು ತೆಗೆದಿಡಿ, ದುಡ್ಡು ಯಾಕೆ ದಂಡ?
ಅವರು ನಗಲಿಲ್ಲ.
ಐವತ್ತು ಕೊಲ್ಲುತ್ತದೆ. ನಿನ್ನ ಹದಿನೆಂಟೂ ಕೊಲ್ಲುತ್ತದೆ.
ಮೈ ತಣ್ಣಗಾದರೆ ಅದಕ್ಕೆ ಎಲೆ ಅರಗುವುದಿಲ್ಲ;
ಹೊಟ್ಟೆ ತುಂಬ ಸೊಪ್ಪಿಟ್ಟುಕೊಂಡೇ ಹಸಿದು ಸಾಯುತ್ತದೆ.
ಇಪ್ಪತ್ತೊಂಬತ್ತು ಬೇಕು. ಒದ್ದೆ ಇಪ್ಪತ್ತೊಂಬತ್ತು.

ಆ ಅಂಕೆ ನನಗೆ ಮೀಟರಿಲ್ಲದೆ ಗೊತ್ತು.
ಮೊಂತಿ ಹಬ್ಬಕ್ಕೆ ತೆನೆ ಹಿಡಿದು ಇಗರ್ಜಿಯಿಂದ ನಡೆಯುವಾಗ
ಅಂಗಿಯ ಕಾಲರಿಗೆ ಅಂಟುತ್ತದಲ್ಲ, ಆ ಸೆಕೆ.
ಹಳೇ ಕೂಲರಿನ ಪಂಪು, ಗಜಗಟ್ಟಲೆ ಪೈಪು, ಮಂಜು ಉಗುಳುವ ನಳಿಗೆ:
ಹನ್ನೊಂದು ದಿನದಲ್ಲಿ ಆ ಸೆಕೆಯನ್ನು ಕಟ್ಟಿ ನಿಲ್ಲಿಸಿದೆ.
ಸಾಯುವ ತನಕ ಇದೊಂದೇ
ನಾನು ಹೆಮ್ಮೆಯಿಂದ ಹೇಳಿಕೊಳ್ಳುವ ರಿಪೇರಿ.

ಪಕ್ಕದ ಗೂಡಿನಲ್ಲಿ ಒಂದು ಲೋರಿಸ್;
ಕಚ್ಚಬಾರದೆಂದು ಮಾರುವವರು ಹಲ್ಲು ಕಿತ್ತಿದ್ದರು.
ನಮ್ಮಲ್ಲಿ ಇಂಥದಕ್ಕೆ ಕಾಡುಪಾಪ ಅಂತಾರೆ ಎಂದೆ.
ಡಾಕ್ಟರು ಎರಡು ಸಲ ಹೇಳಿಸಿಕೊಂಡು
ಅರಬ್ಬಿ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದರು.

ಆಮೇಲೆ ಕಾಯುವುದು.
ವಾರಕ್ಕೊಮ್ಮೆ ಕೆಳಗಿಳಿದು ಕಕ್ಕ ಮಾಡುವ ಪ್ರಾಣಿ;
ಏಳು ದಿನ ಕಳೆಯಿತು, ಹತ್ತು, ಹನ್ನೆರಡು.
ರೊವೆನಾ ದಾಸವಾಳದ ಹೂ ತಿನ್ನಿಸುತ್ತ
ತಗಾಲೊಗಿನಲ್ಲಿ ಬೈಯುತ್ತ ಬೇಡಿಕೊಂಡಳು.
ಹದಿಮೂರನೇ ರಾತ್ರಿ, ಮೂರು ಗಂಟೆಗೆ,
ಹಗ್ಗ ಹಿಡಿದು ಒಂದೊಂದೇ ಕೈ ಇಳಿಯತೊಡಗಿತು.
ಉಸಿರು ಬಿಗಿಹಿಡಿದೆ; ಅಷ್ಟು ಹೊತ್ತು ಹಿಡಿಯಲಾಗದೆ ಬಿಟ್ಟೆ.

ಡಾಕ್ಟ್ರೇ, ಆಯ್ತು.
ಎಷ್ಟು?
ಒಂದು ಮುಷ್ಟಿ. ಕಪ್ಪು, ಗೋಲಿ ಗೋಲಿ.
ಅಲ್ಹಮ್ದುಲಿಲ್ಲಾ, ಎಂದರು. ಅತ್ತರೇನೋ.

ಈಗ ಗುರುವಾರ ಶಾಲೆಯ ಮಕ್ಕಳು ಬರುತ್ತಾರೆ.
ಮುಟ್ಟುವ ಹಾಗಿಲ್ಲ, ಫೋನಿಲ್ಲ, ಗಾಜಿನಾಚೆಯಿಂದ ನೋಡಬೇಕು.
ನಗ್ತಾ ಇದೆ! ಎಂದ ಮಿಶಾರಿ, ಒಂಬತ್ತು ವರ್ಷದವನು.
ಡಾಕ್ಟರು ನನ್ನನ್ನು ಮುಂದೆ ತಳ್ಳಿದರು.
ನನ್ನದು ಸ್ಪೇರ್ ಪಾರ್ಟಿನಂಗಡಿಯ ಅರಬ್ಬಿ. ಅದರಲ್ಲೇ ಹೇಳಿದೆ:
ನಗು ಅಲ್ಲ ಮಗಾ, ಅದರ ಬಾಯಿಯೇ ಹಾಗೆ.
ಚಳಿಯಲ್ಲಿ ಸಾಯ್ತಾ ಇದ್ದಾಗಲೂ ಹೀಗೇ ಇತ್ತು ಈ ಮುಖ.

ಹುಡುಗ ಬಹಳ ಹೊತ್ತು ಸುಮ್ಮನಿದ್ದ.
ಗೆಳೆಯರು ಆಮೆಯ ಕಡೆ ಓಡಿದ ಮೇಲೆ ಹತ್ತಿರ ಬಂದ.
ನನ್ನ ಚಿಕ್ಕಪ್ಪನ ಹತ್ತಿರ ಒಂದಿದೆ.
ಎಷ್ಟು ಡಿಗ್ರಿ ಅಂದಿರಿ?

ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡ.
ಬೆವರಿಗೆ ಅಳಿಸಿಹೋದೀತೆಂದು ಒಂದು ಕ್ಷಣ ಹೆದರಿದೆ.
ಇಲ್ಲ. ಆ ಬಸ್ಸಿನ ಏಸಿ
ನಾನೇ ಸರಿ ಮಾಡಿದ್ದು.